ಮೊದಲು ಅಂಗಡಿ ಹಾಳೆ, ಆಮೇಲೆ ಎಐ: ದಾವಣಗೆರೆಯ ಸಣ್ಣ ವ್ಯಾಪಾರಿಗೊಂದು ಸಮಗ್ರ ಮಾರ್ಗದರ್ಶಿ

ಮೇ ತಿಂಗಳ ಕೊನೇ ವಾರ ದಾವಣಗೆರೆಯಲ್ಲಿ ಶಾಲಾ ಯೂನಿಫಾರ್ಮ್ ಅಂಗಡಿ ಇಟ್ಟವನ ಫೋನು ಬೆಣ್ಣೆ ದೋಸೆ ಹಂಚಿನ ಹಾಗೆ ಕಾದಿರುತ್ತದೆ. "ಅಣ್ಣಾರ, ನಾಲ್ಕನೇ ಕ್ಲಾಸ್ ಹುಡುಗಂಗೆ ಯಾವ ಸೈಜ್ ಬರ್ತೈತಿ?" "ಸ್ಪೋರ್ಟ್ಸ್ ಡ್ರೆಸ್ ಬಂದೈತೇನ್ರೀ?" "ಟೈಟ್ ಆದ್ರೆ ಬದಲಿ ಕೊಡ್ತೀರೇನು?" ಗಲ್ಲಾದ ಮುಂದೆ ಜನ, ಕೊರಳಲ್ಲಿ ಅಳತೆ ಟೇಪು, ಹೆಗಲಿಗೂ ಕಿವಿಗೂ ನಡುವೆ ಫೋನು. ರಾತ್ರಿ ಒಂಬತ್ತೂವರೆಗೆ ಷಟರ್ ಎಳೆದು ವಾಟ್ಸಾಪ್ ತೆಗೆದರೆ ನೋಡದೇ ಉಳಿದ ಮೆಸೇಜುಗಳ ಸಾಲು. ನಾನು ಉತ್ತರ ಹಾಕುವ ಹೊತ್ತಿಗೆ ಅರ್ಧ ಜನ ಬೇರೆ ಅಂಗಡಿಯಲ್ಲಿ ತೊಗೊಂಡು ಮನೆ ಸೇರಿರುತ್ತಾರೆ.

ನಾನು ಎಐ ಕಡೆ, ಅಂದರೆ ಕೇಳಿದ್ದನ್ನು ಬರೆದುಕೊಡುವ ಚಾಟ್‌ಜಿಪಿಟಿಯಂಥ ಆ್ಯಪ್‌ಗಳ ಕಡೆ, ಹೋಗಿದ್ದು ಈ ಪಾಡಿನಿಂದ. ಮೊದಲ ಎರಡು ಮೂರು ತಿಂಗಳು ಏನೂ ಗಿಟ್ಟಲಿಲ್ಲ. ಅದರ ಕೈಲಿ ಪದ್ಯ ಬರೆಸಿದೆ, ಯುಗಾದಿ ಶುಭಾಶಯ ಬರೆಸಿದೆ, ನಕ್ಕೆ, ಮುಚ್ಚಿಟ್ಟೆ. ತಪ್ಪು ಎಲ್ಲಿದೆ ಅಂತ ಗೊತ್ತಾಗಿದ್ದು ತಡವಾಗಿ. ಅದಕ್ಕೆ ಲೋಕದ ಸಂಗತಿ ಎಷ್ಟೋ ಗೊತ್ತು, ನನ್ನ ಅಂಗಡಿಯದು ಒಂದಕ್ಷರ ಗೊತ್ತಿಲ್ಲ. ನನ್ನ ಅಂಗಡಿ ಇರುವುದು ಅರ್ಧ ನನ್ನ ತಲೆಯಲ್ಲಿ, ಇನ್ನರ್ಧ ನನ್ನ ಹೆಂಡತಿಯ ತಲೆಯಲ್ಲಿ. ಅದನ್ನು ಹಾಳೆಗೆ ಇಳಿಸಿದ ಮೇಲೇ ಕೆಲಸ ಶುರುವಾಯಿತು. ಹಾಗಾಗಿ ಈ ಬರಹದ ದೊಡ್ಡ ಪಾಲು ಆ ಹಾಳೆಗೇ ಹೋಗುತ್ತದೆ. ಆ್ಯಪ್ ಯಾವುದು ಎನ್ನುವುದು ಅಷ್ಟು ದೊಡ್ಡ ಮಾತಲ್ಲ.

ಸಣ್ಣ ಅಂಗಡಿಗೆ ಇದು ಯಾಕೆ?

ದೊಡ್ಡ ಮಳಿಗೆಯಲ್ಲಿ ಬಿಲ್ಲಿಗೊಬ್ಬ, ಸ್ಟಾಕಿಗೊಬ್ಬ, ಜಾಹೀರಾತಿಗೊಬ್ಬ ಇರುತ್ತಾನೆ. ಸಣ್ಣ ಅಂಗಡಿಯಲ್ಲಿ ಬರೆಯುವ ಕೈ ಒಂದೇ. ಅದೇ ಕೈ ಅಳತೆ ತೆಗೆಯಬೇಕು, ಬಟ್ಟೆ ಮಡಚಬೇಕು, ಉದ್ರಿ ಬರೆಯಬೇಕು, ಸೊಲ್ಲಾಪುರದ ಪಾರ್ಟಿಗೆ ಆರ್ಡರ್ ಕಳಿಸಬೇಕು. ಎಐ ಈ ಬರೆಯುವ ಭಾರವನ್ನು ಇಳಿಸುತ್ತದೆ. ಗಿರಾಕಿಯ ಮುಖ ನೋಡಿ ಬೆಲೆ ಹೇಳುವುದು, ಯಾರಿಗೆ ಉದ್ರಿ ಕೊಡಬೇಕು, ಯಾರಿಗೆ ನಗುತ್ತಲೇ ಇಲ್ಲ ಅನ್ನಬೇಕು, ಇವೆಲ್ಲ ನಿಮ್ಮ ಹತ್ತಿರವೇ ಉಳಿಯುತ್ತವೆ.

ಕಾಟನ್ ಮಿಲ್ಲುಗಳ ಕಾಲದಲ್ಲಿ ನಮ್ಮೂರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಹೆಸರಿತ್ತು. ಆಗ ಯಂತ್ರ ಅಂದರೆ ಬಂಡವಾಳ ಇದ್ದವರ ಮಾತು. ಮೊನ್ನೆ ಮೊನ್ನೆಯವರೆಗೆ ಸಾಫ್ಟ್‌ವೇರ್ ಕಥೆಯೂ ಹಾಗೇ ಇತ್ತು. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರಿಗೆ ಸಿಕ್ಕ ಮೇಲೆ ಲೆಕ್ಕ ಬದಲಾಯಿತು. ಕೈಯಲ್ಲಿರುವ ಫೋನು, ಇರುವ ಡೇಟಾ ಪ್ಯಾಕು, ಮಾತಾಡಲು ಕನ್ನಡ, ಇಷ್ಟಿದ್ದರೆ ಮಂಡಕ್ಕಿ ಭಟ್ಟಿಯವರೂ ಶುರು ಮಾಡಬಹುದು.

ಎಲ್ಲರಿಗೂ ಬೇಕೇ ಬೇಕು ಅನ್ನುವುದಿಲ್ಲ. ದಿನಕ್ಕೆ ಹತ್ತು ಗಿರಾಕಿ, ಹತ್ತೂ ಜನ ಪರಿಚಯದವರು, ಫೋನಿನಲ್ಲಿ ಕೇಳುವವರೇ ಇಲ್ಲ ಅಂದರೆ ಈ ಉಸಾಬರಿ ಬಿಡಿ.

ಒಂದು ವಾರ ಬರೀ ಬರೆದಿಡಿ

ಆ್ಯಪ್ ಹಾಕಿಕೊಳ್ಳುವ ಮೊದಲು ಹತ್ತು ರೂಪಾಯಿಯ ನೋಟ್‌ಬುಕ್ ತಂದು ಗಲ್ಲಾಪೆಟ್ಟಿಗೆ ಪಕ್ಕ ಇಡಿ. ಒಂದು ವಾರ, ಗಿರಾಕಿ ಕೇಳಿದ ಪ್ರತಿ ಪ್ರಶ್ನೆಯನ್ನು ಎರಡು ಮೂರು ಪದದಲ್ಲಿ ಬರೆಯಿರಿ: ‘ಸೈಜ್’, ‘ಬದಲಿ’, ‘ಟೈಮ್’, ‘ರೇಟ್’. ಮತ್ತೆ ಅದೇ ಬಂದರೆ ಪಕ್ಕದಲ್ಲಿ ಗೀಟು. ನೀವು ಮಾಡಿದ ಬರವಣಿಗೆ ಕೆಲಸವನ್ನೂ ಸೇರಿಸಿ: ಆರ್ಡರ್ ಪಟ್ಟಿ, ಕೊಟೇಶನ್, ಉದ್ರಿ ನೆನಪಿನ ಮೆಸೇಜು.

ನಾನು ಬರೆದಾಗ ಮುಕ್ಕಾಲು ಪಾಲು ಗೀಟುಗಳು ನಾಲ್ಕೇ ನಾಲ್ಕು ಪ್ರಶ್ನೆಗಳ ಮುಂದೆ ಬಿದ್ದಿದ್ದವು. ನಾನು ದಿನವಿಡೀ ಬಾಯಿ ನೋಯಿಸಿಕೊಳ್ಳುತ್ತಿದ್ದುದು ನಾಲ್ಕು ಉತ್ತರಗಳಿಗಾಗಿ! ಎಐಗೆ ಕೊಡುವ ಮೊದಲ ಕೆಲಸ ಯಾವುದೆಂದು ಈ ಗೀಟುಗಳೇ ಹೇಳುತ್ತವೆ. ಅತಿ ಹೆಚ್ಚು ಗೀಟು ಬಿದ್ದಿದ್ದನ್ನು ಮಾತ್ರ ಹಿಡಿಯಿರಿ, ಉಳಿದಿದ್ದನ್ನು ಸದ್ಯಕ್ಕೆ ಮರೆಯಿರಿ.

ಅಂಗಡಿ ಹಾಳೆ ಬರೆಯುವುದು

ಎರಡು ಮೂರು ಪುಟ ಸಾಕು. ಬರೆಯಲು ಬೇಜಾರಾದರೆ ಮಾತಾಡಿ. ಫೋನಿನ ಕೀಬೋರ್ಡಿನಲ್ಲಿ ಮೈಕ್ ಗುರುತು ಒತ್ತಿ, ಭಾಷೆ ಕನ್ನಡ ಇಟ್ಟು, ಹೊಸದಾಗಿ ಕೆಲಸಕ್ಕೆ ಬಂದ ಹುಡುಗನಿಗೆ ಹೇಳಿಕೊಡುವಂತೆ ಹೇಳುತ್ತಾ ಹೋಗಿ. ನಮ್ಮ ‘ಐತಿ’, ‘ಬರ್ತಾವೆ’ಗಳನ್ನು ಅದು ಅಲ್ಲಲ್ಲಿ ತಪ್ಪಾಗಿ ಕೇಳಿಸಿಕೊಳ್ಳುತ್ತದೆ. ಪರವಾಗಿಲ್ಲ, ಆಮೇಲೆ ಎಐಗೇ ಕೊಟ್ಟು "ಇದನ್ನು ಕ್ರಮವಾಗಿ ಜೋಡಿಸು, ಹೊಸದೇನೂ ಸೇರಿಸಬೇಡ" ಅಂದರೆ ನೆಟ್ಟಗೆ ಮಾಡಿಕೊಡುತ್ತದೆ.

ಹಾಳೆಯ ತಲೆಯಲ್ಲಿ ತಾರೀಖು ಇರಲೇಬೇಕು. ಯಾಕೆಂದು ಮುಂದೆ ಗೊತ್ತಾಗುತ್ತದೆ. ಆಮೇಲೆ ಅಂಗಡಿಯ ಜಾಗವನ್ನು ಜನ ಹೇಳುವ ಗುರುತಿನಲ್ಲಿ ಬರೆಯಿರಿ. "ಚೌಕಿಪೇಟೆ ಒಳಗೆ ಬಂದು ಎಡಕ್ಕೆ ಎರಡನೇ ಸಂದಿ" ಅಂದರೆ ತಿಳಿಯುವ ಹಾಗೆ ಬಾಗಿಲ ನಂಬರು ಯಾರಿಗೂ ತಿಳಿಯುವುದಿಲ್ಲ. ತೆರೆಯುವ ಹೊತ್ತು, ಮುಚ್ಚುವ ಹೊತ್ತು, ಸೀಸನ್‌ನಲ್ಲಿ ಆಗುವ ಬದಲಾವಣೆ ಬರೆಯಿರಿ.

ಸರಕಿನ ಭಾಗಕ್ಕೆ ಸಮಯ ಕೊಡಿ. ನನ್ನ ಹಾಳೆಯಲ್ಲಿ ಶಾಲೆ ಒಂದೊಂದಕ್ಕೂ ಒಂದು ಸಾಲಿದೆ: ಶರ್ಟಿನ ಬಣ್ಣ, ಪ್ಯಾಂಟಿನದು ಪ್ಲೇನೋ ಚೆಕ್ಸೋ, ಟೈ ಬೆಲ್ಟು ನಮ್ಮಲ್ಲಿ ಸಿಗುತ್ತದೋ ಶಾಲೆಯಲ್ಲೇ ಕೊಡುತ್ತಾರೋ. ಸೈಜನ್ನು ತರಗತಿಯ ಮೇಲೆ ಹೇಳುವುದು ನಮ್ಮ ರೂಢಿ, ಆದರೆ ನಾಲ್ಕನೇ ಕ್ಲಾಸಿನ ಇಬ್ಬರು ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿ. ಅದಕ್ಕೇ "ತರಗತಿ ಹೇಳಿದರೆ ಅಂದಾಜು ಸೈಜು ಹೇಳಿ, ಹಳೇ ಶರ್ಟಿನ ಎದೆ ಅಳತೆ ಇಂಚಿನಲ್ಲಿ ಕೇಳು" ಎಂದು ಸೇರಿಸಿದೆ. ಹದಿನೈದು ವರ್ಷದ ಅನುಭವ ಆ ಒಂದು ಸಾಲಿನಲ್ಲಿದೆ. ಹಾಳೆಗೆ ಬರುವ ತನಕ ಅದು ನನಗೊಬ್ಬನಿಗೇ ಗೊತ್ತಿತ್ತು, ನಾನು ಮದುವೆಗೆ ಹೋದ ದಿನ ಅಂಗಡಿಗೆ ಗೊತ್ತಿರಲಿಲ್ಲ.

ಕೊನೆಗೆ ‘ಇಲ್ಲ’ಗಳ ಪಟ್ಟಿ. ಬಹಳ ಜನ ಬಿಡುವುದು ಇದನ್ನೇ. ಮನೆಗೆ ತಲುಪಿಸುವುದಿಲ್ಲ. ಒಗೆದ ಬಟ್ಟೆ ಬದಲಿಸುವುದಿಲ್ಲ. ಬಿಲ್ ಇಲ್ಲದಿದ್ದರೆ ಬದಲಿ ಇಲ್ಲ. ಫೋನಿನಲ್ಲಿ ಚೌಕಾಸಿ ಇಲ್ಲ. ಈ ಪಟ್ಟಿ ಇಲ್ಲದೆ ನಾನು ಪಟ್ಟ ಪಾಡು ಕೇಳಿ. ಒಮ್ಮೆ ಆಫರ್ ಮೆಸೇಜು ಬರೆಸಿದೆ. ಓದಲು ಚಂದ ಇತ್ತು, ನೂರಾರು ಜನಕ್ಕೆ ಕಳಿಸಿಯೂ ಬಿಟ್ಟೆ. ಮಾರನೇ ದಿನ ಜಗಳೂರಿನಿಂದ ಒಬ್ಬರ ಫೋನು: "ಮನೀಗೇ ತಂದು ಕೊಡ್ತೀರಂತಲ್ಲ, ಯಾವಾಗ ಬರ್ತೀರಿ?" ಮೆಸೇಜು ತೆಗೆದು ನೋಡಿದರೆ ಕೊನೇ ಸಾಲಿನಲ್ಲಿ ‘ಉಚಿತ ಹೋಮ್ ಡೆಲಿವರಿ’! ನಾನು ಹೇಳಿರಲೇ ಇಲ್ಲ. ಲೋಕದ ಸಾವಿರಾರು ಆಫರ್ ಮೆಸೇಜುಗಳ ಕೊನೆಗೆ ಹಾಗಿರುತ್ತದೆ, ಅದೂ ಹಾಗೇ ಮುಗಿಸಿತ್ತು. ಮಾತು ಕೊಟ್ಟ ಹಾಗಾಯಿತಲ್ಲ ಅಂತ ಬಸ್ಸಿನಲ್ಲಿ ಪಾರ್ಸೆಲ್ ಹಾಕಿ ಕಳಿಸಿದೆ. ಲಾಭ ಬಸ್ಸಿಗೆ ಹೋಯಿತು.

ಯಾವ ಆ್ಯಪ್?

ಚಾಟ್‌ಜಿಪಿಟಿ, ಗೂಗಲ್‌ನ ಜೆಮಿನಿ, ಕ್ಲಾಡ್, ವಾಟ್ಸಾಪಿನೊಳಗೇ ಇರುವ ಮೆಟಾ ಎಐ, ಯಾವುದಾದರೂ ಆದೀತು. ಎರಡನ್ನು ಹಾಕಿಕೊಂಡು ಅದೇ ಹಾಳೆ, ಅದೇ ಮೂರು ಪ್ರಶ್ನೆ ಕೊಡಿ. ಮೂರನೆಯ ಪ್ರಶ್ನೆ ಹಾಳೆಯಲ್ಲಿ ಇಲ್ಲದ್ದಾಗಿರಲಿ. ಯಾವುದು ಗೊತ್ತಿಲ್ಲ ಅನ್ನುತ್ತದೋ ಅದನ್ನು ಇಟ್ಟುಕೊಳ್ಳಿ, ಕಥೆ ಕಟ್ಟುವುದನ್ನು ತೆಗೆಯಿರಿ. ಉಚಿತದಲ್ಲೇ ಶುರು ಮಾಡಿ. "ನಿಮ್ಮ ಅಂಗಡಿಗೆ ಎಐ ಪ್ಯಾಕೇಜ್, ವರ್ಷದ ದುಡ್ಡು ಮುಂಗಡ" ಎಂದು ಬಾಗಿಲಿಗೆ ಬಂದವರಿಗೆ ಚಹಾ ಕೊಟ್ಟು ಕಳಿಸಿ.

ಮೊದಲ ಕೆಲಸ: ವಾಟ್ಸಾಪ್ ಉತ್ತರಗಳು

ಮಾಮೂಲಿ ವಾಟ್ಸಾಪ್ ಬದಲು ವಾಟ್ಸಾಪ್ ಬಿಸಿನೆಸ್ ಆ್ಯಪ್ ಹಾಕಿಕೊಳ್ಳಿ, ಅದೂ ಉಚಿತವೇ. ಅದರಲ್ಲಿ ‘ಕ್ವಿಕ್ ರಿಪ್ಲೈ’ ಎಂಬ ಸೌಲಭ್ಯವಿದೆ. ಉತ್ತರವನ್ನು ಒಮ್ಮೆ ಬರೆದಿಟ್ಟು ಹೆಸರು ಕೊಟ್ಟರೆ, ಚಾಟಿನಲ್ಲಿ ಓರೆಗೆರೆ (/) ಒತ್ತಿ ಆ ಹೆಸರು ಹಾಕಿದಾಗ ಪೂರ್ತಿ ಉತ್ತರ ಬಂದು ಕೂರುತ್ತದೆ. 50 ಉತ್ತರಗಳವರೆಗೆ ಇಡಬಹುದು. ಮೊದಲಿಗೆ ಏಳೆಂಟು ಸಾಕು.

ಆ ಉತ್ತರಗಳನ್ನು ಬರೆಸಲು ಎಐಗೆ ಹಾಳೆಯ ಜೊತೆ ನಾನು ಕೊಡುವ ಮಾತು ಇದು, ಬೇಕಾದರೆ ಹೀಗೇ ಎತ್ತಿಕೊಳ್ಳಿ:

"ನೀನು ದಾವಣಗೆರೆಯ ಶಾಲಾ ಯೂನಿಫಾರ್ಮ್ ಅಂಗಡಿಯ ಪರವಾಗಿ ವಾಟ್ಸಾಪ್ ಉತ್ತರ ಬರೆಯಬೇಕು. ಕೆಳಗಿನ ಹಾಳೆಯಲ್ಲಿ ಇರುವುದನ್ನು ಮಾತ್ರ ಬಳಸು. ಹಾಳೆಯಲ್ಲಿ ಇಲ್ಲದ್ದನ್ನು ಕೇಳಿದರೆ ‘ವಿಚಾರಿಸಿ ಹೇಳ್ತೀವಿ, ದಯವಿಟ್ಟು ಫೋನ್ ಮಾಡಿ’ ಎಂದಷ್ಟೇ ಬರೆ. ಬೆಲೆ, ರಿಯಾಯಿತಿ, ಡೆಲಿವರಿ, ಗ್ಯಾರಂಟಿ ಬಗ್ಗೆ ನಿನ್ನ ಕಡೆಯಿಂದ ಏನೂ ಸೇರಿಸಬೇಡ. ನಾಲ್ಕು ಸಾಲು ಮೀರಬೇಡ. ನಾನೇ ಬರೆದ ಮೂರು ಮೆಸೇಜು ಕೊನೆಯಲ್ಲಿವೆ, ಅದೇ ಧಾಟಿ ಇರಲಿ."

ಆ ಕೊನೆಯ ವಾಕ್ಯ ಬಿಟ್ಟರೆ ಏನಾಗುತ್ತದೆ ನೋಡಿ. ಸೈಜು ಕೇಳಿದವರಿಗೆ ಅದು ಬರೆದ ಉತ್ತರ: "ಆತ್ಮೀಯ ಗ್ರಾಹಕರೇ, ತಮ್ಮ ಅಮೂಲ್ಯ ವಿಚಾರಣೆಗೆ ಹೃತ್ಪೂರ್ವಕ ಧನ್ಯವಾದಗಳು. ಅತ್ಯುತ್ತಮ ಗುಣಮಟ್ಟದ ಸಮವಸ್ತ್ರಗಳನ್ನು ಒದಗಿಸಲು ನಮ್ಮ ಸಂಸ್ಥೆಯು ಸದಾ ಬದ್ಧವಾಗಿದೆ." ಓದಿದ ನನ್ನ ಹೆಂಡತಿ, "ಯಾವ ಸಚಿವರ ಭಾಷಣ ಇದು?" ಅಂದಳು. ಮೂರು ಮಾದರಿ ಕೊಟ್ಟ ಮೇಲೆ ಬಂದದ್ದು: "ನಮಸ್ಕಾರ. ನಾಲ್ಕನೇ ಕ್ಲಾಸಿಗೆ ಹೆಚ್ಚಾಗಿ 28 ಇಲ್ಲಾ 30 ಬರುತ್ತೆ. ಹಳೇ ಶರ್ಟಿನ ಎದೆ ಅಳತೆ ಇಂಚಿನಲ್ಲಿ ಕಳಿಸಿ, ಎತ್ತಿಡ್ತೀವಿ. ಒಗೆಯದೆ ಬಿಲ್ ಸಮೇತ ತಂದ್ರೆ ಬದಲಿಸಿ ಕೊಡ್ತೀವಿ." ಇದನ್ನು ಗಿರಾಕಿ ಓದುತ್ತಾರೆ.

ಎಐ ತಾನೇ ಗಿರಾಕಿಗೆ ಉತ್ತರಿಸುವ ವ್ಯವಸ್ಥೆಯೂ ಸಿಗುತ್ತದೆ. ನಾನು ಹಾಕಿಲ್ಲ, ಮೊದಲ ವರ್ಷ ನೀವೂ ಹಾಕಬೇಡಿ. ಬರೆಯುವುದು ಅದು, ಕಳಿಸುವ ಗುಂಡಿ ಒತ್ತುವುದು ನಾವು ಅಥವಾ ನಮ್ಮ ಹುಡುಗ. ಹೋಮ್ ಡೆಲಿವರಿಯ ಬಸ್ ಚಾರ್ಜು ಇನ್ನೂ ಮರೆತಿಲ್ಲ.

ಎರಡನೇ ಕೆಲಸ: ಸ್ಟಾಕ್ ಲೆಕ್ಕ

ಯೂನಿಫಾರ್ಮ್ ವ್ಯಾಪಾರದಲ್ಲಿ ದುಡ್ಡು ಸಾಯುವುದು ಉಳಿದ ಸರಕಿನಲ್ಲಿ. 30, 32 ಖಾಲಿಯಾಗಿ ಗಿರಾಕಿ ವಾಪಸ್ ಹೋಗುತ್ತಾರೆ, 40 ಮೇಲ್ಗಡೆ ಅಟ್ಟದಲ್ಲಿ ಧೂಳು ಹಿಡಿಯುತ್ತದೆ. ಸೊಲ್ಲಾಪುರದ ರೆಡಿಮೇಡಿಗಾಗಲಿ ಭಿಲ್ವಾಡಾದ ಬಟ್ಟೆಗಾಗಲಿ ಬೇಸಿಗೆಗೆ ಮುಂಚೆಯೇ ಆರ್ಡರ್ ಹೋಗಬೇಕು. ಯಾವ ಸೈಜು ಎಷ್ಟು ಎನ್ನುವುದು ಅಲ್ಲಿಯವರೆಗೆ ನನ್ನ ಅಂದಾಜಿನ ಮೇಲೆ ನಡೆಯುತ್ತಿತ್ತು.

ಹಳೇ ಬಿಲ್ ಪುಸ್ತಕದ ಪುಟಗಳನ್ನು ಬೆಳಕಿನಲ್ಲಿ ಫೋಟೊ ತೆಗೆದು, ಗಿರಾಕಿಯ ಹೆಸರು, ನಂಬರು ಕಾಣದಂತೆ ಮುಚ್ಚಿ, "ಶಾಲೆ, ವಸ್ತು, ಸೈಜು, ಸಂಖ್ಯೆ, ಮೊತ್ತ ಎಂದು ಟೇಬಲ್ ಮಾಡು, ಓದಲಾಗದ್ದನ್ನು ಪ್ರಶ್ನಾರ್ಥಕ ಹಾಕಿ ಬಿಡು" ಅನ್ನಿ. ಕೈಬರಹ ಓದುತ್ತದೆ, ತಪ್ಪೂ ಓದುತ್ತದೆ. ನನ್ನ 1 ಅದಕ್ಕೆ 7 ಆಗಿ ಕಾಣುತ್ತಿತ್ತು. ಇದನ್ನು ಹಿಡಿಯಲು ಸುಲಭದ ದಾರಿ ಇದೆ. ಪ್ರತಿ ಪುಟದ ಕೆಳಗೆ ನೀವು ಹಾಕಿದ ಮೊತ್ತ ಇರುತ್ತದಲ್ಲ, ಟೇಬಲಿನ ಮೊತ್ತದ ಜೊತೆ ತಾಳೆ ನೋಡಿ. ತಾಳೆಯಾಗದ ಪುಟವನ್ನು ಮಾತ್ರ ಕೂತು ತಿದ್ದಿ.

ಈಗ ಮುಖ್ಯವಾದ ಮಾತು. ಕೂಡುವ ಕೆಲಸವನ್ನು ಚಾಟಿನಲ್ಲಿ ಮಾಡಿಸಬೇಡಿ. ಈ ಎಐಗಳ ಮೂಲ ಕಸುಬು ಮುಂದಿನ ಪದ ಯಾವುದಿರಬಹುದು ಎಂದು ಊಹಿಸುವುದು. ಲೆಕ್ಕವನ್ನೂ ಅದು ಕೆಲವೊಮ್ಮೆ ಹಾಗೇ ‘ಬರೆದು’ ಬಿಡುತ್ತದೆ, ಅದೂ ಎಳ್ಳಷ್ಟು ಅನುಮಾನ ತೋರಿಸದೆ. ಟೇಬಲನ್ನು ಗೂಗಲ್ ಶೀಟ್ಸ್ ಎಂಬ ಲೆಕ್ಕದ ಆ್ಯಪಿಗೆ ಹಾಕಿ, "ಶಾಲೆ ಮತ್ತು ಸೈಜಿನ ಪ್ರಕಾರ ಎಷ್ಟು ಮಾರಾಟವಾಗಿದೆ ಎಂದು ಕೂಡಲು ಸೂತ್ರ ಕೊಡು" ಎಂದು ಕೇಳಿ. ಅದು ‘ಸಮ್‌ಇಫ್ಸ್’ ಎನ್ನುವ ಸೂತ್ರ ಬರೆದು ಎಲ್ಲಿ ಅಂಟಿಸಬೇಕೆಂದೂ ಹೇಳುತ್ತದೆ. ಕೂಡುವುದು ಶೀಟು, ಶೀಟು ಊಹಿಸುವುದಿಲ್ಲ.

ಎರಡು ಮೂರು ವರ್ಷದ ಲೆಕ್ಕ ಹೀಗೆ ಕೂತರೆ ಯಾವ ಸೈಜು ಎಷ್ಟು ಪಾಲು ಹೋಗುತ್ತದೆ ಎಂಬ ಚಿತ್ರ ಸಿಗುತ್ತದೆ. ಅಷ್ಟನ್ನೇ ನಂಬಿ ಆರ್ಡರ್ ಹಾಕಬೇಡಿ. ಶಾಲೆಯವರು ಚೆಕ್ಸ್ ಬದಲಿಸುತ್ತಾರೆ ಎಂಬ ಸುದ್ದಿ ಯಾವ ಶೀಟಿನಲ್ಲೂ ಇರುವುದಿಲ್ಲ. ಅದು ಸಿಗುವುದು ಶಾಲೆಯ ಕ್ಲರ್ಕ್ ಜೊತೆ ಮೆಣಸಿನಕಾಯಿ ಮಂಡಕ್ಕಿ ತಿನ್ನುವಾಗ.

ಜಿಎಸ್‌ಟಿ ಕೇಳುವಾಗ ಹುಷಾರು

ಈ ವಿಷಯದಲ್ಲಿ ಎಐ ಅತಿ ಚಂದವಾಗಿ ಸುಳ್ಳು ಹೇಳಬಲ್ಲದು, ಬೇಕಂತಲ್ಲ. ಅದು ಕಲಿತ ಪಠ್ಯ ಒಂದು ತಾರೀಖಿಗೆ ನಿಂತಿರುತ್ತದೆ, ಸರ್ಕಾರ ನಿಲ್ಲುವುದಿಲ್ಲ. ನಮ್ಮ ವ್ಯಾಪಾರದ್ದೇ ಉದಾಹರಣೆ. ರೆಡಿಮೇಡ್ ಬಟ್ಟೆ ಒಂದಕ್ಕೆ 1,000 ರೂಪಾಯಿವರೆಗೆ 5%, ಅದರ ಮೇಲೆ 12% ತೆರಿಗೆ ಇತ್ತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗೆ 5%, ಅದರ ಮೇಲೆ 18% ಆಯಿತು. 1,400 ರೂಪಾಯಿಯ ಬ್ಲೇಜರಿಗೆ ಎಷ್ಟೆಂದು ಕೇಳಿ ನೋಡಿ. ಹಳೇ ಪಾಠ ಒಪ್ಪಿಸುವ ಎಐ 12 ಅನ್ನುತ್ತದೆ.

ತೆರಿಗೆ ಕೇಳುವಾಗ ಇವತ್ತಿನ ತಾರೀಖು ಹೇಳಿ, ಇಂಟರ್ನೆಟ್‌ನಲ್ಲಿ ಹುಡುಕಿ ಹೇಳು ಅನ್ನಿ, ಬಂದ ಉತ್ತರವನ್ನು ನಿಮ್ಮ ಟ್ಯಾಕ್ಸ್ ಕನ್ಸಲ್ಟೆಂಟರಿಗೆ ತೋರಿಸಿ. ಅವರ ಫೀಸು ಉಳಿಸಲು ಎಐ ಬೇಡ. ಅವರ ಮುಂದೆ ಯಾವ ಪ್ರಶ್ನೆ ಕೇಳಬೇಕೆಂದು ತಯಾರಾಗಲು ಬಳಸಿ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸು ಬಂದಾಗ ಎಷ್ಟೋ ಜನರಿಗೆ ಸರಕಿನ ಮಾರಾಟಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ಎಂಬ ನೋಂದಣಿ ಮಿತಿಯೇ ಗೊತ್ತಿರಲಿಲ್ಲ. ಅಂಗಡಿ ದುಡ್ಡಿಗೂ ಮನೆ ದುಡ್ಡಿಗೂ ಒಂದೇ ಕ್ಯೂಆರ್ ಇಟ್ಟಿದ್ದರೆ ಇವತ್ತೇ ಬೇರೆ ಮಾಡಿ. ಇದಕ್ಕೆ ಎಐ ಕೂಡ ಬೇಡ.

ಅದರ ಬಾಯಿಗೆ ಹಾಕಬಾರದ್ದು

ಉದ್ರಿ ಪುಸ್ತಕ. ಊರಲ್ಲಿ ಯಾರು ಯಾರಿಗೆ ಎಷ್ಟು ಬಾಕಿ ಎನ್ನುವುದು ನಮ್ಮ ನಡುವಿನ ಮಾತು, ಅದು ಯಾವ ಕಂಪನಿಯ ಕಂಪ್ಯೂಟರಿಗೂ ಹೋಗಬೇಕಾಗಿಲ್ಲ. ವಸೂಲಿ ಮೆಸೇಜು ಬೇಕಾದರೆ "ಎರಡು ತಿಂಗಳ ಬಾಕಿ, ಹಳೇ ಗಿರಾಕಿ, ಬೇಸರ ಆಗಬಾರದು" ಎಂದಷ್ಟೇ ಹೇಳಿ ಬರೆಸಿ, ಹೆಸರು ಮೊತ್ತ ನೀವೇ ತುಂಬಿ. ನಿಜ ಹೇಳಬೇಕೆಂದರೆ ಈ ಮೆಸೇಜುಗಳನ್ನು ಅದು ನನಗಿಂತ ನಯವಾಗಿ ಬರೆಯುತ್ತದೆ. ನನ್ನ ಮೆಸೇಜು ಜಗಳಕ್ಕೆ ಕರೆದ ಹಾಗಿರುತ್ತಿತ್ತು.

ಆಧಾರ್, ಪ್ಯಾನ್, ಒಟಿಪಿ, ಬ್ಯಾಂಕ್ ಪಾಸ್‌ವರ್ಡ್ ಬೇಡವೇ ಬೇಡ. ನಮ್ಮಂಥ ಅಂಗಡಿಗೆ ಇನ್ನೊಂದಿದೆ, ಮಕ್ಕಳ ಫೋಟೊ. ಯೂನಿಫಾರ್ಮ್ ಹಾಕಿದ ಮಗುವಿನ ಚಿತ್ರವನ್ನು ಜಾಹೀರಾತು ಮಾಡಿಸಲು ಎಐಗೆ ಕೊಡುವ ಆಸೆ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದೇ ಗಣಿಸುತ್ತದೆ, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕು ಎನ್ನುತ್ತದೆ. ಬೊಂಬೆಗೆ ಬಟ್ಟೆ ತೊಡಿಸಿ ಫೋಟೊ ತೆಗೆಯಿರಿ, ಮುಗಿಯಿತು. ಆ್ಯಪಿನ ಸೆಟ್ಟಿಂಗ್ಸಿನಲ್ಲಿ ನಿಮ್ಮ ಮಾತುಕತೆಯನ್ನು ಎಐ ತರಬೇತಿಗೆ ಬಳಸುವ ಆಯ್ಕೆ ಇದ್ದರೆ ಆಫ್ ಮಾಡಿ.

ಬೇರೆ ವ್ಯಾಪಾರದವರಿಗೆ

ಹಾಳೆ ಬರೆಯುವ ಕೆಲಸ ಎಲ್ಲರಿಗೂ ಒಂದೇ, ಆದರೆ ಅಪಾಯ ಇರುವ ಜಾಗ ಬೇರೆ ಬೇರೆ. ಗೊಬ್ಬರ, ಔಷಧಿ ಅಂಗಡಿಯವರು ಮೆಕ್ಕೆಜೋಳದ ಸೈನಿಕ ಹುಳುವಿಗೆ ಎಷ್ಟು ಮಿಲಿ ಎಂದು ಎಐ ಕೇಳಿ ರೈತರಿಗೆ ಹೇಳಬಾರದು. ಅಳತೆ ಡಬ್ಬಿಯ ಲೇಬಲ್ ಮೇಲಿದೆ, ಅನುಮಾನವಿದ್ದರೆ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ. ಬೇಕಾದರೆ ಲೇಬಲಿನ ಇಂಗ್ಲಿಷನ್ನು ಕನ್ನಡಕ್ಕೆ ತರಿಸಿ, ಅಂಕಿಗಳನ್ನು ಕಣ್ಣಾರೆ ತಾಳೆ ನೋಡಿ. ಎಪಿಎಂಸಿ ಮಂಡಿಯವರು ನಾಳೆಯ ಧಾರಣೆ ಕೇಳಿ ಸಮಯ ಕಳೆಯುವುದು ಬೇಡ. ರೈತರಿಗೆ ಕಳಿಸುವ ಮೆಸೇಜು, ತೇವಾಂಶದ ಕಡಿತ ವಿವರಿಸುವ ಚೀಟಿ ಬರೆಸಿದರೆ ಜಗಳ ಕಮ್ಮಿಯಾಗುತ್ತದೆ. ಹೋಟೆಲಿನವರು ಗೂಗಲ್ ಮ್ಯಾಪಿನ ರಿವ್ಯೂಗಳಿಗೆ ಉತ್ತರ ಬರೆಸಬಹುದು. ಬೈದವರಿಗೆ ಬರೆಯುವಾಗಲಂತೂ ತಾಳ್ಮೆ ಅದಕ್ಕೇ ಹೆಚ್ಚು. ಮೊಳಕಾಲ್ಮೂರಿನ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ರೇಷ್ಮೆ ಸೀರೆ ಮಾರುವವರಿಗೆ ಒಂದೇ ಮಾತು: ಮಗ್ಗದಿಂದ ಇಳಿಯದ ಸೀರೆಯ ಚಿತ್ರವನ್ನು ಎಐಯಿಂದ ಮಾಡಿಸಿ ಹಾಕಬೇಡಿ. ಬಂದ ಸೀರೆಯ ಅಂಚು ಚಿತ್ರದ ಅಂಚಿನ ಹಾಗಿರುವುದಿಲ್ಲ, ಗಿರಾಕಿ ಮತ್ತೆ ಬರುವುದಿಲ್ಲ.

ಹುಡುಗನಿಗೆ ಕಲಿಸುವುದು, ಒಂದು ತಿಂಗಳಿಗೆ ನೋಡುವುದು

ನಮ್ಮ ಅಂಗಡಿಯ ಹುಡುಗ ಮೊದಲು ಮುಖ ಸಣ್ಣದು ಮಾಡಿಕೊಂಡಿದ್ದ. "ನನ್ನ ಕೆಲ್ಸ ಹೋಗ್ತೈತೇನಣ್ಣ?" ಅವನ ಕೈಗೇ ಫೋನು ಕೊಟ್ಟೆ. ಮೆಸೇಜಿಗೆ ಉತ್ತರ ಹಾಕುವುದು ಈಗ ಅವನ ಕೆಲಸ, ನಿಯಮ ಎರಡೇ. ಹಾಳೆಯಲ್ಲಿ ಇಲ್ಲದ ಬೆಲೆ ಹೇಳುವ ಹಾಗಿಲ್ಲ, ಹಾಳೆಯಲ್ಲಿ ಇಲ್ಲದ ಪ್ರಶ್ನೆ ಬಂದರೆ ನೋಟ್‌ಬುಕ್ಕಿನಲ್ಲಿ ಬರೆಯಬೇಕು.

ಒಂದು ತಿಂಗಳಾದ ಮೇಲೆ ಮೊದಲ ವಾರದ ಗೀಟುಗಳನ್ನೂ ಈಗಿನವನ್ನೂ ಪಕ್ಕದಲ್ಲಿಟ್ಟು ನೋಡಿ. ರಾತ್ರಿ ಷಟರ್ ಎಳೆದ ಮೇಲೆ ಎಷ್ಟು ಹೊತ್ತು ಫೋನು ಹಿಡಿದಿರುತ್ತೀರಿ, ಉತ್ತರ ಸಿಗದೇ ಹೋದ ಮೆಸೇಜು ಎಷ್ಟು, ತಪ್ಪು ಉತ್ತರದಿಂದ ಬಂದ ತಕರಾರು ಎಷ್ಟು. ಈ ಮೂರರಲ್ಲಿ ಒಂದೂ ಇಳಿಯದಿದ್ದರೆ ಆ್ಯಪ್ ತೆಗೆದುಹಾಕಿ. ಹಾಳೆ ಇಟ್ಟುಕೊಳ್ಳಿ, ಹೊಸ ಹುಡುಗ ಬಂದಾಗ ಅವನಿಗಾದರೂ ಆಗುತ್ತದೆ.

ಇಳಿದಿದ್ದರೆ ತಿಂಗಳಿಗೊಂದು ದಿನ ಅರ್ಧ ಗಂಟೆ ಹಾಳೆಗೆ ಕೊಡಿ. ಬದಲಾದ ರೇಟು, ಬಂದ ಹೊಸ ಸರಕು, ನಿಂತುಹೋದ ಸೈಜು ತಿದ್ದಿ, ಮೇಲಿನ ತಾರೀಖು ಬದಲಿಸಿ, ಕ್ವಿಕ್ ರಿಪ್ಲೈಗಳನ್ನು ಮತ್ತೆ ಬರೆಸಿ. ನೋಟ್‌ಬುಕ್ಕಿನ ಹೊಸ ಪ್ರಶ್ನೆಗಳಿಗೂ ಆಗಲೇ ಉತ್ತರ ಬರೆದುಬಿಡಿ. ಹೋದ ತಿಂಗಳು ನಮ್ಮ ಹುಡುಗ ಬರೆದಿಟ್ಟಿದ್ದು ಒಂದೇ ಸಾಲು: "ಎಡಗೈ ಮಗುವಿಗೆ ಜೇಬು ಬಲಗಡೆ ಹೊಲಿದು ಕೊಡ್ತೀರಾ ಅಂತ ಕೇಳಿದ್ರು." ಹದಿನೈದು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಟೈಲರಿಗೆ ಫೋನ್ ಮಾಡಿ ಕೇಳಿದೆ, ಆಗುತ್ತದೆ ಅಂದರು. ಹಾಳೆಗೆ ಸೇರಿಸಿದೆ.